ಅರ್ಥ ನೀವು ಹೇಳ್ಬೇಕಲ್ವಾ ಮಿಸ್?

ಶಿಡ್ಲಘಟ್ಟ
ಭಾನುವಾರ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನಿನ್ನ ದನಿ ಅಳುವ ಹಾಗಿತ್ತು. "ಎಂಟನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಏನೂ ಬರಲ್ಲ ದೊಡ್ಡಮ್ಮ, ಗ್ರಾಮರ್ ಎಲ್ಲಿಂದ ಶುರು ಮಾಡ್ಲಿ?" ಅಂದೆ. ಆಗ ಸುಮ್ನೆ ಸಮಾಧಾನ ಹೇಳಿದೆ, ಉತ್ತರ ಹೇಳಲಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ನಿಮ್ಮ ದೊಡ್ಡಪ್ಪ "ವಾಟ್ಸಾಪಲ್ಲಿ ಕಳಿಸು, ಎರಡು ನಿಮಿಷದ ಕೆಲಸ" ಅಂತಿದ್ದಾರೆ. ಅವರು ಗಣಿತದ ಮೇಷ್ಟ್ರು, ಬಿಡು.

ಮೊದಲು ನನ್ನ ತಪ್ಪು ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಪಾಠ ಮಾಡ್ತಿದ್ದದ್ದು ಹೀಗೆ: ಒಂದು ಸಾಲು ಇಂಗ್ಲಿಷ್ ಓದು, ಅದರ ಅರ್ಥ ಕನ್ನಡದಲ್ಲಿ ಹೇಳು, ಮುಂದಿನ ಸಾಲು. ಕೊನೆಗೆ ಪ್ರಶ್ನೋತ್ತರ ಬೋರ್ಡಿನ ಮೇಲೆ. ಆಗ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ಒಂದನೇ ಕ್ಲಾಸಿಗೆ ಬಂದದ್ದು 2007ರಿಂದ ಈಚೆಗೆ. ಮಕ್ಕಳು ಪಾಸಾಗ್ತಿದ್ರು, ನಾನೂ ಆರಾಮಾಗಿದ್ದೆ. ಒಂದಿನ ಒಬ್ಬ ಹುಡುಗಿ ಅರ್ಧ ಪುಟ ತಡವರಿಸದೆ ಓದಿದಳು. ಖುಷಿಯಾಗಿ "ಏನಿದೆ ಇದರಲ್ಲಿ, ಹೇಳಮ್ಮ" ಅಂದೆ. ಅವಳು ನನ್ನ ಮುಖ ನೋಡಿ "ಅರ್ಥ ನೀವು ಹೇಳ್ಬೇಕಲ್ವಾ ಮಿಸ್?" ಅಂದಳು. ತಮಾಷೆಗಲ್ಲ, ನಿಜವಾಗಿಯೂ ಕೇಳಿದಳು. ಓದುವುದು ಅವಳ ಕೆಲಸ, ಅರ್ಥ ಹೇಳುವುದು ನನ್ನ ಕೆಲಸ ಅಂತ ವರ್ಷಗಟ್ಟಲೆ ಕಲಿಸಿದ್ದವಳು ನಾನೇ.

ಈಗ ನಿನ್ನ "ಏನೂ ಬರಲ್ಲ" ವಿಷಯಕ್ಕೆ ಬರೋಣ. ನಿಮ್ಮ ಬಾಗೇಪಲ್ಲಿ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಎರಡು ಭಾಷೆಯ ವ್ಯಾಕರಣ ಅವರ ಬಾಯಲ್ಲಿದೆ. ಅದರ ಹೆಸರು ಗೊತ್ತಿಲ್ಲ, ಅಷ್ಟೇ. "ಇಂಟ್ಲೋ" ಅಂತಾರೆ, "ಮನೆಯಲ್ಲಿ" ಅಂತಾರೆ. ಎರಡರಲ್ಲೂ "ಲೋ", "ಅಲ್ಲಿ" ಅನ್ನೋ ಬಾಲ ಹಿಂದಿದೆ. ಇಂಗ್ಲಿಷಿನಲ್ಲಿ ಅದೇ ಬಾಲ ಮುಂದೆ ಬಂದು "ಇನ್ ದ ಹೌಸ್" ಆಗುತ್ತೆ. ಪ್ರಿಪೊಸಿಷನ್ ಅನ್ನೋ ಪದ ಹೇಳುವ ಮುಂಚೆ ಈ ಮೂರನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರಿ. ಏನು ವ್ಯತ್ಯಾಸ ಅಂತ ಮಕ್ಕಳೇ ಹೇಳ್ತಾರೆ.

ಪದ ಬಿಡಿಸುವುದನ್ನೂ ಹಾಗೇ ಶುರು ಮಾಡು. ನಮ್ಮೂರಲ್ಲಿ ನಾನು ಹಿಡಿದದ್ದು ರೀಲರ್ ಅನ್ನೋ ಪದ. ರೇಷ್ಮೆ ಊರು, ಅದು ಯಾವ ಮಗುವಿಗೂ ಗೊತ್ತು. ರೀಲ್ ಮಾಡುವವನು, ಅಂದ್ರೆ ರೇಷ್ಮೆಗೂಡಿನಿಂದ ನೂಲು ತೆಗೆಯುವವನು ರೀಲರ್, ಮಾಡುವ ಕೆಲಸ ರೀಲಿಂಗ್. ಹಾಗಾದರೆ ಡ್ರೈವರ್? ಕ್ಲೀನರ್? ಪಂಪ್‌ಸೆಟ್ಟಿನ ಸ್ಟಾರ್ಟರ್? ಮಕ್ಕಳು ನಾ ಮುಂದು ತಾ ಮುಂದು ಅಂತ ಹೇಳಿದರು. ಮೊಬೈಲಿನಿಂದ ರೀಚಾರ್ಜ್, ಅನ್‌ಲಾಕ್ ಬಂದವು. "ರೀ" ಅಂದ್ರೆ ಮತ್ತೆ ಅಂತ ನಾನು ಬರೆದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ, "ಹಂಗಾದ್ರೆ ರೀಲ್ ಅಂದ್ರೆ ಮತ್ತೆ ಈಲ್ ಮಾಡೋದಾ ಮಿಸ್?" ಕ್ಲಾಸೆಲ್ಲ ನಗು. ನಾನು ಬೈಯಲಿಲ್ಲ. ಅದಕ್ಕಿಂತ ಒಳ್ಳೆ ಪ್ರಶ್ನೆ ಆ ವರ್ಷ ಯಾರೂ ಕೇಳಲಿಲ್ಲ. "ಹಾಡುಗಾರ ಅಂದ್ರೆ ಹಾಡುವವನು, ಬೇಟೆಗಾರ ಅಂದ್ರೆ ಬೇಟೆಯಾಡುವವನು, ಬಂಗಾರ ಅಂದ್ರೆ ಬಂ ಮಾಡುವವನಾ?" ಅಂತ ಕೇಳಿದೆ. ಅಲ್ಲಿಗೆ ಅರ್ಥವಾಯ್ತು. ತುಂಡು ತೆಗೆದ ಮೇಲೆ ಉಳಿದದ್ದು ಒಂದು ಪದವಾಗಿ ನಿಲ್ಲಬೇಕು, ಅದರ ಅರ್ಥವೂ ಹೊಂದಬೇಕು. ಹಾಗೆ ನೋಡಿದರೂ ಕೆಲವು ಕಡೆ ಎಡವುತ್ತಾರೆ. "ಮೈ ಮದರ್ ಈಸ್ ಎ ಗುಡ್ ಕುಕ್ಕರ್" ಅಂತ ಪ್ರತಿ ವರ್ಷ ಒಬ್ಬರಾದರೂ ಬರೀತಾರೆ. ಅಡುಗೆ ಮಾಡುವವರು ಕುಕ್, ವಿಸಿಲ್ ಹೊಡೆಯುವುದು ಕುಕ್ಕರ್ ಅಂತ ನಗ್ತಾನೇ ತಿದ್ದು.

ವಿಜ್ಞಾನದ ಮೇಡಂ ಹತ್ರಾನೂ ಮಾತಾಡು. ದ್ಯುತಿ ಅಂದ್ರೆ ಬೆಳಕು, ಫೋಟೋ ಅನ್ನೋದಕ್ಕೆ ಗ್ರೀಕಿನಲ್ಲಿ ಇರುವ ಮೂಲವೂ ಬೆಳಕೇ. ದ್ಯುತಿಸಂಶ್ಲೇಷಣೆಗೂ ಫೋಟೋಸಿಂಥೆಸಿಸ್‌ಗೂ ಗಂಟು ಹಾಕಿ ತೋರಿಸಿದರೆ ಇಬ್ಬರ ಕೆಲಸವೂ ಹಗುರ.

ಟೆನ್ಸ್ ವಿಷಯದಲ್ಲಿ ಮಕ್ಕಳ ತಪ್ಪಿಗೆ ಕಾರಣ ಇರುತ್ತೆ, ಅದನ್ನು ಹುಡುಕು. "ದಿನಾ ಹೋಗ್ತೀನಿ", "ನಾಳೆ ಹೋಗ್ತೀನಿ". ನಮಗೆ ಎರಡಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಬೇರೆ ಬೇರೆ. ಹಾಗಾಗಿ "ಐ ಗೋ ಟುಮಾರೋ" ಅಂತ ಬರೆದ ಹುಡುಗ ದಡ್ಡನಲ್ಲ, ಕನ್ನಡದ ಪ್ರಕಾರ ಸರಿಯಾಗೇ ಯೋಚಿಸಿದ್ದಾನೆ. ಹಾಗೇ "ಹೋಗ್ತೀನಿ" ಅಂದ್ರೆ ಸಾಕು, ಹೋಗುವುದು ನಾನೇ ಅಂತ ಗೊತ್ತಾಗುತ್ತೆ. ಇಂಗ್ಲಿಷಿನಲ್ಲಿ "ಐ" ಬಿಟ್ಟರೆ ವಾಕ್ಯ ನಿಲ್ಲಲ್ಲ. "ಎ" ಮತ್ತು "ದ" ತಪ್ಪಾದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಭಾಷೆಯಲ್ಲಿ ಅವಿಲ್ಲ, ನಿಧಾನಕ್ಕೆ ಬರುತ್ತವೆ. ನನಗೇ ಈಗಲೂ ಒಂದೊಂದು ಸಲ ಅನುಮಾನ.

ಗ್ರಾಮರ್ ಯಾಕೆ ಬೇಕು ಅಂತ ಮಕ್ಕಳಿಗೆ ನಾನು ತೋರಿಸ್ತಿದ್ದದ್ದು ಒಂದೇ ವಾಕ್ಯದಲ್ಲಿ: "ದ ಮ್ಯಾನ್ ಹೂ ಬಾಟ್ ಕಕೂನ್ಸ್ ಫ್ರಮ್ ಮೈ ಅಂಕಲ್ ಲಿವ್ಸ್ ಇನ್ ವಿಜಯಪುರ." ವಿಜಯಪುರದಲ್ಲಿ ಇರುವವರು ಯಾರು? ಮುಕ್ಕಾಲು ಕ್ಲಾಸು "ಅಂಕಲ್" ಅನ್ನುತ್ತೆ. ಪದಗಳ ಅರ್ಥ ಎಲ್ಲ ಗೊತ್ತು, ಆದರೂ ತಪ್ಪು. ಯಾಕಂದ್ರೆ "ಲಿವ್ಸ್" ಪಕ್ಕದಲ್ಲಿ ಕೂತಿರುವುದು ಅಂಕಲ್. ಇದನ್ನೇ ಕನ್ನಡದಲ್ಲಿ ಹೇಳಿಸು: "ನಮ್ಮ ಮಾವನ ಹತ್ರ ಗೂಡು ತಗೊಂಡ ಮನುಷ್ಯ ವಿಜಯಪುರದಲ್ಲಿದ್ದಾನೆ." ಯಾವ ಮನುಷ್ಯ ಅನ್ನೋ ವಿವರ ನಮ್ಮಲ್ಲಿ ಮನುಷ್ಯನ ಮುಂಚೆ ಬರುತ್ತೆ, ಅವರಲ್ಲಿ ಮನುಷ್ಯ ಆದ ಮೇಲೆ. "ಹೂ" ಇಂದ "ಅಂಕಲ್"ವರೆಗೆ ಪೆನ್ಸಿಲ್ಲಿನಲ್ಲಿ ಒಂದು ಡಬ್ಬಿ ಹಾಕಿಸಿ, ಡಬ್ಬಿ ಬಿಟ್ಟು ಓದಿಸು. "ದ ಮ್ಯಾನ್ ಲಿವ್ಸ್ ಇನ್ ವಿಜಯಪುರ." ಒಬ್ಬ ರೀಲರ್ ಮಗ ಇದನ್ನು ನೋಡಿ, "ಬೆಂದ ಗೂಡಿಂದ ಮೇಲಿನ ಜಾಳು ತೆಗೆದ್ರೆ ಎಳೆ ಸಿಗ್ತದಲ್ಲ ಮಿಸ್, ಹಂಗೆ" ಅಂದ. ಆಮೇಲೆ ನಮ್ಮ ಕ್ಲಾಸಿನಲ್ಲಿ ಆ ಕೆಲಸಕ್ಕೆ ಎಳೆ ಹುಡುಕೋದು ಅಂತಲೇ ಹೆಸರಾಯಿತು. ಈ ಒಂದು ಅಭ್ಯಾಸಕ್ಕೆ ಪೂರ್ತಿ ಒಂದು ವಾರ ಕೊಡು, ನಷ್ಟವಿಲ್ಲ.

ಪ್ಯಾಸೇಜ್ ಕೊಟ್ಟು ಪ್ರಶ್ನೆ ಕೇಳುವಾಗ ಮೋಸ ಹೋಗಬೇಡ. "ಗುಬ್ಕಿ ಸಂಜೆ ಟಪ್ಪೆಯನ್ನು ಜರುಪಿತು." ಗುಬ್ಕಿ ಏನನ್ನು ಜರುಪಿತು? ಟಪ್ಪೆಯನ್ನು. ಯಾವಾಗ? ಸಂಜೆ. ನಿನಗೆ ಎರಡು ಮಾರ್ಕ್ಸ್ ಬಂತು. ಗುಬ್ಕಿ ಅಂದ್ರೇನು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಕ್ಕಳು ಪ್ರಶ್ನೆಯಲ್ಲಿರುವ ಪದವನ್ನು ಪ್ಯಾಸೇಜಿನಲ್ಲಿ ಹುಡುಕಿ ಆ ಸಾಲು ಇಳಿಸೋದು ಹೀಗೇ. ಆದ್ದರಿಂದ ಇಳಿಸಲಾಗದ ಒಂದು ಪ್ರಶ್ನೆ ದಿನಾ ಇರಲಿ. ನಾನು ಮೂರು ಸಾಲು ಇಂಗ್ಲಿಷಿನಲ್ಲಿ ಬರೆದಿದ್ದೆ. ತಾತ ಕೊಡೆ ತಗೊಂಡು ಪೇಟೆಗೆ ಹೋದರು. ವಾಪಸ್ ಬಂದಾಗ ಪಂಚೆ ಒದ್ದೆಯಾಗಿತ್ತು. ಕೈಯಲ್ಲಿ ಕೊಡೆ ಇರಲಿಲ್ಲ. ಏನಾಗಿರಬಹುದು? ಮಳೆ ಅನ್ನೋ ಪದ ಎಲ್ಲೂ ಇಲ್ಲ. ಒಬ್ಬಳು "ಕೊಡೆ ಬಸ್ಸಲ್ಲಿ ಮರೆತಿದ್ದಾರೆ, ಮಳೆ ಬಂದಿದೆ" ಅಂದಳು. ಇನ್ನೊಬ್ಬ "ನಮ್ಮ ಕಡೆ ಮಳೆ ಎಲ್ಲಿ ಮಿಸ್, ಕೆರೆಗೆ ಬಿದ್ದಿದ್ದಾರೆ" ಅಂದ. "ಕೆರೆಯಲ್ಲಿ ನೀರೆಲ್ಲಿದೆ ಲೋ" ಅಂತ ಮೂರನೆಯವನು. ಜಗಳ ಕನ್ನಡದಲ್ಲೇ ನಡೆಯಿತು, ನಡೆಯಲಿ ಬಿಡು. ಉತ್ತರ ಬರೆಯುವಾಗ ಇಂಗ್ಲಿಷ್ ಬರಲಿ. ಯಾರು ಸರಿ ಅಂತ ಮಾತ್ರ ನೀನು ತಕ್ಷಣ ಹೇಳಬೇಡ. "ಯಾವ ಸಾಲು ನೋಡಿ ಹಾಗಂದೆ?" ಅಂತ ಕೇಳು.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಎನ್. ಎಸ್. ಪ್ರಭು ಅನ್ನುವ ಇಂಗ್ಲಿಷ್ ಬೋಧನೆಯ ತಜ್ಞರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಬಿಡಿಸಲು ಹೇಳುವುದು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತೆ ಅನ್ನೋದು ಅವರ ನಂಬಿಕೆ. ತಾನಾಗಿ ಎಲ್ಲವೂ ಇಳಿಯುತ್ತೆ ಅಂತ ನಾನು ಒಪ್ಪಲ್ಲ, ಡಬ್ಬಿ ಹಾಕಿ ತೋರಿಸಲೇಬೇಕಾದ ಜಾಗಗಳಿವೆ. ಆದರೆ ಆ ವೇಳಾಪಟ್ಟಿ ಒಳ್ಳೆ ಉಪಾಯ. ನಾನು ರೈಲಿನ ಬದಲು ಚಿಂತಾಮಣಿಯ ಬಸ್ಸಿನ ಟೈಮು ಬರೆದು, "ಹನ್ನೊಂದಕ್ಕೆ ಆಸ್ಪತ್ರೆಯಲ್ಲಿರಬೇಕು, ಯಾವ ಬಸ್ಸು ಹಿಡೀಬೇಕು, ಯಾಕೆ?" ಅಂತ ಇಂಗ್ಲಿಷಿನಲ್ಲಿ ಕೇಳ್ತಿದ್ದೆ. "ಬಿಕಾಸ್" ಅನ್ನೋ ಪದ ಹೇಳಿಕೊಡಬೇಕಾಗಲೇ ಇಲ್ಲ.

ನಿಮ್ಮ ಹೆಡ್‌ಮಾಸ್ಟರ್ ರಿಸಲ್ಟ್ ಕೇಳೇ ಕೇಳ್ತಾರೆ. ಎಸ್ಎಸ್ಎಲ್‌ಸಿಯಲ್ಲಿ ಇಂಗ್ಲಿಷಿಗೆ ಬರೆಯುವ ಪೇಪರು 80 ಮಾರ್ಕ್ಸ್, ಶಾಲೆಯಲ್ಲೇ ಕೊಡುವುದು 20. ಅವರ ಹತ್ರ ವಾದ ಬೇಡ. ಹತ್ತನೆಯವರಿಗೆ ಜನವರಿಯಿಂದ ಹಳೇ ಪೇಪರು ಮಾಡಿಸು, ಎಂಟನೆಯವರನ್ನು ನಿನ್ನ ದಾರಿಯಲ್ಲಿ ಬಿಟ್ಟುಕೊಡಲು ಕೇಳು.

ಬರುವ ತಿಂಗಳು ಎರಡನೇ ಶನಿವಾರ ಊರಿಗೆ ಬಾ. ಟ್ರಂಕಿನಲ್ಲಿ ನನ್ನ ಹಳೇ ರಟ್ಟಿನ ಕಾರ್ಡುಗಳಿವೆ. "ಅನ್" ಕಟ್ಟು, "ರೀ" ಕಟ್ಟು, "ಲೆಸ್" ಕಟ್ಟು ಅಂತ ಬೇರೆ ಬೇರೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೀನಿ. "ಫುಲ್" ಕಟ್ಟನ್ನು ಇಲಿ ಕಡಿದಿದೆ, ಅದನ್ನು ನೀನೇ ಹೊಸದಾಗಿ ಮಾಡಿಕೊಳ್ಳಬೇಕು. ನಿಮ್ಮಮ್ಮನಿಗೆ ಹೇಳು, ಹುಣಸೆಹಣ್ಣು ತೆಗೆದಿಟ್ಟಿದ್ದೀನಿ, ಬರುವಾಗ ಚೀಲ ತರಬೇಕು ಅಂತ.

ಇಂತಿ ನಿನ್ನ
ದೊಡ್ಡಮ್ಮ