ಉಗುಳಿನ ಪರೀಕ್ಷೆ ಸಾಲದು, ಪಾದ್ರಿಯ ಪುಸ್ತಕ ಬೇಕು

ಮಾನ್ಯ ಸಂಪಾದಕರೇ,

ಡಿಎನ್‌ಎ ಪರೀಕ್ಷೆ ಮಾಡಿಸಿ ಪೂರ್ವಜರನ್ನು ಹುಡುಕುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿದೆ, ಆದರೆ ಅರ್ಧ ಕಥೆ ಅಷ್ಟೇ. ಉಗುಳನ್ನು ಡಬ್ಬಿಯಲ್ಲಿ ತುಂಬಿ ಕಳಿಸಿದರೆ ಶೇಕಡಾ ಇಷ್ಟು ಸ್ಕ್ಯಾಂಡಿನೇವಿಯಾ ಅಂತ ಬರುತ್ತದೆ, ಸರಿ. ಮುತ್ತಜ್ಜಿ ಯಾವ ಊರಿನವಳು, ಯಾರ ಮನೆಯಲ್ಲಿ ದುಡಿದಳು ಅಂತ ಆ ಡಬ್ಬಿಗೆ ಹೇಗೆ ಗೊತ್ತಾಗಬೇಕು?

ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದು ನಿವೃತ್ತನಾದವನು. ಹೋದ ವರ್ಷ ಮಗನ ಮನೆಗೆಂದು ಅಮೆರಿಕದ ಮಿನೆಸೋಟಾಕ್ಕೆ ಹೋಗಿದ್ದೆ. ಸೊಸೆಯ ತಾಯಿಯ ಕಡೆಯವರು ಮೂಲದಲ್ಲಿ ಸ್ವೀಡನ್ನಿನವರು. ಆ ಚಳಿಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ, ಹೀಗಾಗಿ ನಾನೂ ಬೀಗಿತಿಯೂ ಕಂಪ್ಯೂಟರ್ ಮುಂದೆ ಕೂತು ಅವರ ಅಜ್ಜಿಯ ಅಜ್ಜಿಯನ್ನು ಹುಡುಕಲು ಶುರು ಮಾಡಿದೆವು.

ಮೊದಲು ಮೋಸ ಹೋದೆವು. ದುಡ್ಡು ಕಟ್ಟುವ ಒಂದು ವೆಬ್‌ಸೈಟಿನಲ್ಲಿ ಯಾರೋ ಮಾಡಿಟ್ಟ ವಂಶವೃಕ್ಷ ಸಿಕ್ಕಿತು, ನಂಬಿದೆವು, ವಾರ ಬಿಟ್ಟು ಸರಿಯಾಗಿ ನೋಡಿದರೆ ತಾಯಿಗಿಂತ ಮಗಳು ಎರಡೇ ವರ್ಷ ಚಿಕ್ಕವಳು! ಸ್ವೀಡನ್ನಿನ ಹಳ್ಳಿಗರಲ್ಲಿ ಆಗ ಮನೆತನದ ಹೆಸರೇ ಇರಲಿಲ್ಲ. ಆಂಡರ್ಸ್‌ನ ಮಗ ಆಂಡರ್ಸನ್, ಮಗಳು ಆಂಡರ್ಸ್‌ಡಾಟರ್, ಮದುವೆಯಾದ ಮೇಲೂ ಅವಳು ಅದೇ. ನಾರ್ವೆಯಲ್ಲಿ ಇನ್ನೂ ಮಜಾ, ಅಪ್ಪನ ಹೆಸರಾದ ಮೇಲೆ ಹೊಲಮನೆಯ ಹೆಸರು ಸೇರುತ್ತಿತ್ತು, ಬೇರೆ ಹೊಲಮನೆಗೆ ಹೋದರೆ ಹೆಸರೂ ಬದಲಾಗುತ್ತಿತ್ತು. ಬರೀ ಹೆಸರು ಹಿಡಿದು ಹೊರಟರೆ ದಾರಿ ತಪ್ಪೋದೇ ಸೈ.

ಬೇಕಾದದ್ದು ಹುಟ್ಟಿದ ಪ್ಯಾರಿಷ್, ಅಂದರೆ ಯಾವ ಚರ್ಚಿಗೆ ಸೇರಿದ ಊರು ಅನ್ನೋದು. ಮಿನೆಸೋಟಾದ ಹಳೆಯ ಸ್ವೀಡಿಷ್ ಚರ್ಚಿನ ಪುಸ್ತಕದಲ್ಲೇ ಅದು ಸಿಕ್ಕಿತು: ಸ್ಮೋಲಾಂಡ್ ಪ್ರಾಂತ್ಯದ ಒಂದು ಸಣ್ಣ ಊರು.

ಅಲ್ಲಿಂದಾಚೆಗೆ ನನಗೆ ಹಬ್ಬ. 1686ರ ಚರ್ಚ್ ಕಾನೂನು ಸ್ವೀಡನ್ನಿನ ಪಾದ್ರಿಗಳಿಗೆ ಎಲ್ಲವನ್ನೂ ಬರೆದಿಡಬೇಕು ಅಂತ ಹೇಳಿತ್ತು. ಹುಟ್ಟು, ಸಾವು, ಮದುವೆ ಮಾತ್ರ ಅಲ್ಲ, ಮನೆಮನೆಯ ಪುಸ್ತಕ ಅಂತಲೇ ಒಂದಿದೆ. ಮನೆಯಲ್ಲಿ ಯಾರಿದ್ದಾರೆ, ಓದಲು ಬರುತ್ತದಾ, ಧರ್ಮಪಾಠ ಬಾಯಿಗೆ ಬರುತ್ತದಾ, ಸಿಡುಬಿನ ಲಸಿಕೆ ಆಗಿದೆಯಾ, ಎಲ್ಲ ಅದರಲ್ಲಿ. ನಾವು ಹುಡುಕುತ್ತಿದ್ದ ಹುಡುಗಿ ಮನೆಗೆಲಸದವಳು, ಬಹುತೇಕ ಪ್ರತಿ ವರ್ಷ ಧಣಿ ಬದಲಾಯಿಸಿದ್ದಾಳೆ, ಹೋದಲ್ಲೆಲ್ಲ ಪುಸ್ತಕದ ಯಾವ ಪುಟಕ್ಕೆ ಹೋದಳು ಅಂತ ನಮೂದು. ಜಮೀನಿಲ್ಲದ ಹುಡುಗಿಗೆ ಇಷ್ಟು ದಾಖಲೆ! ನಮ್ಮ ಉತಾರದಲ್ಲಿ ಹೊಲ ಇದ್ದವನಿಗಷ್ಟೇ ಹೆಸರು ಅಲ್ವಾ? 1868ರಲ್ಲಿ ಸ್ಮೋಲಾಂಡಿನಲ್ಲಿ ಮಳೆಯಿಲ್ಲದೆ ಬರ ಬಿತ್ತು. ಮರುವರ್ಷ ಅವಳ ಹೆಸರಿನ ಮುಂದೆ ಪಾದ್ರಿ ಬರೆದದ್ದು ಇಷ್ಟೇ, "ಉತ್ತರ ಅಮೆರಿಕ". ಬೀಗಿತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನಲ್ಲಿ ಪೊಲೀಸರು ಬರೆದಿಟ್ಟ ವಲಸೆ ಹೋದವರ ಪಟ್ಟಿ 1869ರಿಂದಲೇ ಇದೆ, ಅದರಲ್ಲೂ ಸಿಕ್ಕಳು. ಆಗ ಬಹಳ ಜನ ಅಲ್ಲಿಂದ ಇಂಗ್ಲೆಂಡಿನ ಹಲ್ ಬಂದರು, ರೈಲಿನಲ್ಲಿ ಲಿವರ್‌ಪೂಲ್, ಮತ್ತೆ ಹಡಗು ಹೀಗೆ ಹೋಗುತ್ತಿದ್ದರು.

ಇದಕ್ಕೆ ಸ್ವೀಡನ್ನಿಗೆ ಹೋಗಬೇಕಿಲ್ಲ, ದುಡ್ಡೂ ಬೇಡ. ಅವರ ರಾಷ್ಟ್ರೀಯ ಪತ್ರಾಗಾರ 2018ರಿಂದ ಪುಟಗಳ ಚಿತ್ರಗಳನ್ನು ಪುಕ್ಕಟೆ ಇಟ್ಟಿದೆ, ನಾರ್ವೆಯ ಅಂಥದೇ ತಾಣ ಡಿಜಿಟಲ್‌ಆರ್ಕಿವೆಟ್ ಕೂಡ ಪುಕ್ಕಟೆ. ಹಳೆಯ ಕೈಬರಹ ಮಾತ್ರ ಜೀವ ತಿನ್ನುತ್ತದೆ, ನಮ್ಮ ಮೋಡಿ ಲಿಪಿಯ ಹಾಗೆ. ಡೆನ್ಮಾರ್ಕಿನದು ಕೇಳಿ: 1814ರಿಂದ ಚರ್ಚಿನ ಪುಸ್ತಕ ಎರಡು ಪ್ರತಿ, ಎರಡನ್ನೂ ರಾತ್ರಿ ಒಂದೇ ಸೂರಿನ ಕೆಳಗೆ ಇಡುವಂತಿಲ್ಲ. ಬೆಂಕಿ ಬಿದ್ದರೆ ಒಂದಾದರೂ ಉಳಿಯಲಿ ಅಂತ. ನಾನಿದ್ದ ಕಚೇರಿಯಲ್ಲಿ ಇದ್ದ ಒಂದು ಪ್ರತಿಯನ್ನೂ ಗೆದ್ದಲು ತಿಂದಿತ್ತು.

ಸೊಸೆ ಈಗ ನಮ್ಮ ಕಡೆಯದನ್ನೂ ಕೇಳುತ್ತಿದ್ದಾಳೆ. ನಾನು ಹುಡುಗನಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಹೆಳವ ಬರುತ್ತಿದ್ದ, ನಮ್ಮ ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ ಕಾಳು ಹಾಕಿಸಿಕೊಂಡು ಹೋಗುತ್ತಿದ್ದ. ಹೆಳವರ ಹತ್ತಿರ ಇರುವ ವಂಶಾವಳಿಯ ಹೊತ್ತಿಗೆಗಳನ್ನು ಯಾರಾದರೂ ಸ್ಕ್ಯಾನ್ ಮಾಡಿಸಿದ್ದಾರಾ? ನಮ್ಮ ಮನೆಗೆ ಬರುತ್ತಿದ್ದವ ಈಗ ಇಪ್ಪತ್ತು ವರ್ಷದಿಂದ ಬಂದಿಲ್ಲ. ರಾಣೆಬೆನ್ನೂರು ಕಡೆಯ ಹಳ್ಳಿಗಳಿಗೆ ಬರುವ ಹೆಳವರ ಮನೆ ಗೊತ್ತಿರುವ ಓದುಗರು ದಯವಿಟ್ಟು ಪತ್ರಿಕೆಗೆ ಬರೆಯಿರಿ. ಮಗ, ಸೊಸೆ ಡಿಸೆಂಬರಿನಲ್ಲಿ ಬರುತ್ತಿದ್ದಾರೆ.

— ನಿಮ್ಮ ಹಳೆಯ ಓದುಗ, ರಾಣೆಬೆನ್ನೂರು