ಸರಾಸರಿ ಸಂಬಳದ ಲೆಕ್ಕ

ಮಾನ್ಯ ಸಂಪಾದಕರೇ,

ಮಗಳ ಎಂಬಿಎ ಸೀಟಿಗಾಗಿ ಎರಡು ತಿಂಗಳು ಡೊಂಬಿವಲಿಯಿಂದ ಚರ್ಚ್‌ಗೇಟ್‌ವರೆಗೆ ಓಡಾಡಿದೆ. ಮುಂಬಯಿ ವಿಶ್ವವಿದ್ಯಾಲಯದ ಜಮ್ನಾಲಾಲ್ ಬಜಾಜ್ ಸಂಸ್ಥೆ 1965ರಿಂದ ಇದೆ. ಅಲ್ಲಿನ ಎಂಎಂಎಸ್ (ಮಾಸ್ಟರ್ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್) ಪದವಿಯ ಹೆಸರು ಕೇಳಿ ನಮ್ಮ ಭಾವ, 'ಇದು ಎಂಬಿಎ ಅಲ್ವಲ್ಲ' ಎಂದು ಮೂಗು ಮುರಿದರು. ಎರಡೂ ಎರಡು ವರ್ಷದ್ದೇ, ಸಿಇಟಿಯೂ ಒಂದೇ!

ಬೇರೊಂದು ಕಾಲೇಜಿನವರು ತಮ್ಮಲ್ಲಿ ಓದಿ ಕೆಲಸಕ್ಕೆ ಸೇರಿದವರ ಸರಾಸರಿ ಸಂಬಳದ ದೊಡ್ಡ ಅಂಕಿ ತೋರಿಸಿದರು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ನಾಲ್ವರಿಗೆ 6 ಲಕ್ಷ, ಒಬ್ಬನಿಗೆ 36 ಲಕ್ಷ ಸಿಕ್ಕರೂ ಸರಾಸರಿ 12 ಲಕ್ಷ ಆಗುತ್ತದೆ, ಅಲ್ವಾ? ಸಂಬಳದ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನಿಗೆ ಎಷ್ಟು ಎಂದು ಕೇಳಿದೆ. ಚಹಾ ಬಂತು, ಉತ್ತರ ಬರಲಿಲ್ಲ. ಕಾಲೇಜುಗಳಿಗೆ ರ್ಯಾಂಕ್ ಕೊಡುವ ಕೇಂದ್ರದ ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಈ ನಡುವಿನ ಅಂಕಿ ಇರುತ್ತದೆ. ಅದನ್ನೇ ಪ್ರವೇಶದ ಪುಸ್ತಿಕೆಯಲ್ಲೂ ಅಚ್ಚು ಹಾಕಿಸಲಿ.

— ಒಬ್ಬ ತಂದೆ, ಡೊಂಬಿವಲಿ