ಅಮ್ಮನ ಕಣ್ಣಿನ ರಿಪೋರ್ಟಿನಲ್ಲಿರುವ ಕೆಂಪು

ಎಡಿನ್‌ಬರೋ
ಭಾನುವಾರ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಚಳಿ ಶುರುವಾಗಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ.

ನಿಮ್ಮ ಕಾಗದ, ಸುಬ್ಬು ಕಳಿಸಿದ ರಿಪೋರ್ಟಿನ ಫೋಟೊ ಎರಡೂ ಸಿಕ್ಕಿದವು. ಬಲಗಣ್ಣಿನ ಚಿತ್ರ ಕೆಂಪಾಗಿದೆ, ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಬರೆದಿದ್ದೀರಿ. ಮೊದಲು ಅವಳಿಗೆ ಇಷ್ಟು ಓದಿ ಹೇಳಿ: ಆ ಕೆಂಪು ರಕ್ತವಲ್ಲ, ಗಾಯವೂ ಅಲ್ಲ. ಅದು ಕಂಪ್ಯೂಟರ್ ಹಚ್ಚಿದ ಬಣ್ಣ.

ಅವಳಿಗೆ ಮಾಡಿದ್ದು ಓಸಿಟಿ ಸ್ಕ್ಯಾನ್. ಕಣ್ಣಿಗೆ ಕಾಣದ ಬೆಳಕನ್ನು ಒಳಗೆ ಬಿಟ್ಟು, ಯಾವ ಪದರದಿಂದ ಎಷ್ಟು ಬೆಳಕು ಹಿಂದಿರುಗಿತು ಎಂದು ಅಳೆಯುತ್ತಾರೆ. ಪತ್ರೊಡೆ ಕೊಯ್ದಾಗ ಪದರ ಪದರ ಕಾಣುವ ಹಾಗೆ ಕಣ್ಣಿನ ಹಿಂಬದಿಯ ಪರದೆಯ (ರೆಟಿನಾ) ಪದರಗಳು ಕಾಣುತ್ತವೆ. 1991ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ವಿಧಾನ ಇದು. ಎಕ್ಸ್‌ರೇಯಂಥ ವಿಕಿರಣ ಇಲ್ಲ, ನೋವೂ ಇಲ್ಲ. ಎಷ್ಟು ಸಲ ಮಾಡಿಸಿದರೂ ತೊಂದರೆಯಿಲ್ಲ.

ಕಣ್ಣಿನ ನರದ ಸುತ್ತಲಿನ ಎಳೆಗಳ ಪದರ ಎಷ್ಟು ದಪ್ಪ ಎಂದು ಅಳೆದು, ಅದೇ ವಯಸ್ಸಿನ ಆರೋಗ್ಯವಂತರ ಜೊತೆ ಹೋಲಿಸಿ ಬಣ್ಣ ಕೊಡುತ್ತಾರೆ. ಅವರಲ್ಲಿ ನೂರಕ್ಕೆ ಒಬ್ಬರಿಗಷ್ಟೇ ಇರುವಷ್ಟು ತೆಳುವಿದ್ದರೆ ಕೆಂಪು, ಐವರೊಳಗೆ ಬಂದರೆ ಹಳದಿ, ಉಳಿದದ್ದು ಹೆಚ್ಚೂಕಡಿಮೆ ಹಸಿರು. ಆದರೆ ಆ ಹೋಲಿಕೆಯ ಗುಂಪಿನಲ್ಲಿ ಅಮ್ಮನ ಹಾಗೆ ಮೈನಸ್ 7 ಕನ್ನಡಕದವರು ಕಡಿಮೆ. ಅಂಥವರ ಕಣ್ಣುಗುಡ್ಡೆ ಉದ್ದ, ಎಳೆಗಳ ದಪ್ಪ ಕಂತೆಗಳು ಕಿವಿಯ ಕಡೆಗೆ ಸರಿದಿರುತ್ತವೆ. ಯಂತ್ರ ಮಾಮೂಲಿ ಜಾಗದಲ್ಲೇ ಹುಡುಕಿ, ಸಿಗದಿದ್ದರೆ ಕೆಂಪು ತೋರಿಸುತ್ತದೆ. ರಿಪೋರ್ಟಿನ ಕೆಳಗಿನ ಗ್ರಾಫ್ ನೋಡಿ: ಕಪ್ಪು ಗೆರೆಗೆ ಎರಡು ಗುಡ್ಡಗಳಿವೆ. ಅವು ಹಸಿರು ಪಟ್ಟಿಯ ಗುಡ್ಡಗಳಷ್ಟೇ ಎತ್ತರ ಇದ್ದು, ಪಕ್ಕಕ್ಕೆ ಮಾತ್ರ ಸರಿದಿವೆ.

ಇನ್ನೊಂದು ಮಾತು. ಮೇಲೆ ಬಲಗಣ್ಣಿಗೆ 'ಸಿಗ್ನಲ್ 5/10' ಎಂದಿದೆ. ಆ ಯಂತ್ರದಲ್ಲಿ 6ಕ್ಕಿಂತ ಕಡಿಮೆ ಬಂದರೆ ಅಳತೆಯನ್ನು ನಂಬುವುದಿಲ್ಲ, ಪದರ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ. ಅವಳ ಪೊರೆ ಮತ್ತು ಒಣಗಿದ ಕಣ್ಣು ಎರಡೂ ಬೆಳಕನ್ನು ತಡೆದಿರಬೇಕು. ಆದ್ದರಿಂದ ಸ್ಕ್ಯಾನ್ ಮತ್ತೆ ಮಾಡಿಸಿ, ಅದೇ ಯಂತ್ರದಲ್ಲೇ ಮಾಡಿಸಿ. ಬೇರೆ ಕಂಪನಿಯ ಯಂತ್ರದ ದಪ್ಪದ ಲೆಕ್ಕ ಇದಕ್ಕೆ ತಾಳೆಯಾಗುವುದಿಲ್ಲ. ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕೂರಿಸಲಿ. ಸ್ಕ್ಯಾನಿಗೆ ಸ್ವಲ್ಪ ಮುಂಚೆ ಕಣ್ಣೀರಿನ ಡ್ರಾಪ್ಸ್ ಒಂದು ಹನಿ, ಎರಡು ಮೂರು ಸಲ ರೆಪ್ಪೆ ಬಡಿದು, ಆಮೇಲೆ ಅಲುಗಾಡದೆ ಗುರುತಿನ ಬೆಳಕನ್ನು ನೋಡಲಿ. ಎರಡು ಸೆಕೆಂಡಿನ ಕೆಲಸ. ಚಿತ್ರದಲ್ಲಿ ರಕ್ತನಾಳಗಳು ತುಂಡಾಗಿ ಜೋಡಿಸಿದಂತೆ ಕಂಡರೆ ಕಣ್ಣು ಅಲುಗಿದೆ ಎಂದರ್ಥ, ಇನ್ನೊಮ್ಮೆ ತೆಗೆಯಿರಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಹಾಗೆಂದು ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಸವೆಯುವ ರೋಗ, ಇಲ್ಲವೇ ಇಲ್ಲ ಎಂದು ಇಲ್ಲಿಂದ ಹೇಳಲಾರೆ. ದೊಡ್ಡ ಮೈನಸ್ ಇದ್ದವರಿಗೆ ಅದರ ಸಾಧ್ಯತೆ ಸ್ವಲ್ಪ ಜಾಸ್ತಿಯೇ. ಸ್ಕ್ಯಾನ್ ಒಂದರಿಂದಲೇ ಯಾವ ಒಳ್ಳೆಯ ಡಾಕ್ಟರೂ ತೀರ್ಮಾನ ಮಾಡುವುದಿಲ್ಲ. ಕಣ್ಣಿನ ಪ್ರೆಷರ್, ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪ, ಸುತ್ತಲಿನ ದೃಷ್ಟಿ ಎಷ್ಟಿದೆ ಎಂದು ನೋಡಲು ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತುವ ಫೀಲ್ಡ್ ಟೆಸ್ಟ್ ಎಲ್ಲ ಸೇರಿಸಿ ನೋಡುತ್ತಾರೆ. ಫೀಲ್ಡ್ ಟೆಸ್ಟ್ ಮೊದಲ ಸಲ ಬಹಳ ಜನರಿಗೆ ಕೆಡುತ್ತದೆ, ಅದಕ್ಕೂ ಗಾಬರಿ ಬೇಡ. ಅಲ್ಲಿಯವರೆಗೆ ಡಾಕ್ಟರು ಬರೆದುಕೊಟ್ಟ ರಾತ್ರಿಯ ಡ್ರಾಪ್ಸ್ ಒಂದು ದಿನವೂ ತಪ್ಪಬಾರದು. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಲಿ. ಗ್ಲಾಕೋಮಾದಿಂದ ಹೋದ ದೃಷ್ಟಿ ವಾಪಸು ಬರುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ಚಿಕ್ಕಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಒಡಹುಟ್ಟಿದವರಿಗೂ ಬರುವುದುಂಟು.

ಇಲ್ಲಿ ಸ್ಕಾಟ್ಲೆಂಡಿನಲ್ಲಿ 2006ರಿಂದ ಕಣ್ಣಿನ ತಪಾಸಣೆ ಎಲ್ಲರಿಗೂ ಉಚಿತ, ಪೇಟೆಯ ಕನ್ನಡಕದ ಅಂಗಡಿಯಲ್ಲೇ ಮಾಡುತ್ತಾರೆ. ಓಸಿಟಿಗೆ ಮಾತ್ರ ಹಲವು ಕಡೆ ಬೇರೆ ದುಡ್ಡು. ನಮ್ಮೂರಿನ ಸೇತುವೆ ದಾಟಿದರೆ ಸಿಗುವ ಡನ್‌ಫರ್ಮ್ಲಿನ್‌ನಲ್ಲಿ ಕಣ್ಣಿನ ಪರದೆಯ ಫೋಟೊ ತೆಗೆಯುವ ಯಂತ್ರ ಮಾಡುವ ಆಪ್ಟೋಸ್ ಎಂಬ ಕಂಪನಿ ಇದೆ. ಅದನ್ನು ಕಟ್ಟಿದ ಡಗ್ಲಸ್ ಆಂಡರ್ಸನ್ ಅವರ ಮಗನಿಗೆ ಚಿಕ್ಕಂದಿನಲ್ಲೇ ಪರದೆ ಕಳಚಿ ಒಂದು ಕಣ್ಣು ಹೋಯಿತು. ಸಮಯಕ್ಕೆ ಪತ್ತೆಯಾಗಲಿಲ್ಲ. ಅದೇ ಸಂಕಟದಿಂದ ಹುಟ್ಟಿದ ಯಂತ್ರ ಇದು. ಮಾಮೂಲಿ ಕ್ಯಾಮೆರಾ 45 ಡಿಗ್ರಿ ಹಿಡಿದರೆ ಇದು ಒಂದೇ ಸಲಕ್ಕೆ 200 ಡಿಗ್ರಿ ಹಿಡಿಯುತ್ತದೆ. ಚಿತ್ರ ಹಸಿರು ಹಸಿರಾಗಿ ಬರುತ್ತದೆ, ಕೆಳಗೆ ಪೊರಕೆ ಕಡ್ಡಿಯ ಹಾಗೆ ರೆಪ್ಪೆಗೂದಲೂ ಬಿದ್ದಿರುತ್ತದೆ! ಅಮ್ಮನಿಗೂ ಅಂಚಿನ ಪರದೆ ನೋಡಿಸಬೇಕು, ದೊಡ್ಡ ಮೈನಸ್ ಕಣ್ಣಿನಲ್ಲಿ ಅದು ಹರಿಯುವುದುಂಟು. ಆ ಯಂತ್ರ ಇಲ್ಲದಿದ್ದರೂ ಸರಿ, ಡಾಕ್ಟರು ತಲೆಗೆ ಲೈಟು ಕಟ್ಟಿಕೊಂಡು ಲೆನ್ಸ್ ಹಿಡಿದು ನೋಡಿದರೆ ಸಾಕು. ಮಿಂಚು ಹೊಡೆದಂತೆ, ಸೊಳ್ಳೆ ಹಿಂಡು ಹಾರಿದಂತೆ, ಪಕ್ಕದಿಂದ ಕತ್ತಲು ಇಳಿದಂತೆ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಡಿಕೆಯನ್ನು ಅವಸರದಲ್ಲಿ ಮಾರಬೇಡಿ. ಈಗ ಆಪರೇಷನ್ ಮಾತೇ ಇಲ್ಲ. ಖರ್ಚಿಗೆ ನಾನು ಕಳಿಸುತ್ತೇನೆ. ನಿಜಕ್ಕೂ ಗಾಬರಿ ಬೇಡ, ಅಮ್ಮನಿಗೆ ಹೊಟ್ಟೆ ತುಂಬ ಊಟ ಮಾಡಲು ಹೇಳಿ. ಹೊಸ ರಿಪೋರ್ಟ್ ಬಂದ ದಿನವೇ ಸುಬ್ಬು ಕೈಯಲ್ಲಿ ಕಳಿಸಿ. ಫೋಟೊದಲ್ಲಿ ಅಂಕಿ ಓದಲಾಗುವುದಿಲ್ಲ, ಪಿಡಿಎಫ್ ಕೇಳಿ ಪಡೆಯಲಿ. ಬಸ್ಸಿಗೆ ಹೊತ್ತಾಯಿತು, ಉಳಿದದ್ದು ಫೋನಿನಲ್ಲಿ.

ಇತಿ ನಿಮ್ಮ ಮಗಳು,
ಪುಟ್ಟಿ